ಬೆಳ್ತಿಗೆಯೋ, ಕುಚ್ಚಿಗೆಯೋ, ಚಪಾತಿಯೋ: ಶುಗರ್ ಇರುವವರ ತಟ್ಟೆಯ ಲೆಕ್ಕ

ಕುಮಟಾದ ಮೀನುಪೇಟೆಯಲ್ಲಿ ಬಂಗಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಮೀನು ಮಾರುವ ಅಕ್ಕ ತಕ್ಕಡಿ ಕೆಳಗಿಟ್ಟು ನನ್ನ ಕಡೆ ಬಗ್ಗಿದರು. "ಅಕ್ಕೋರೇ, ನಿಮಗೂ ಶುಗರ್ ಇದೆಯಂತೆ. ರಾತ್ರಿ ಅನ್ನ ಬಿಡು, ಚಪಾತಿ ತಿನ್ನು ಎನ್ನುತ್ತಾನೆ ಮಗ. ಸೊಸೆ ಸಿರಿಧಾನ್ಯ ತಂದಿಟ್ಟಿದ್ದಾಳೆ. ನನಗೆ ಕುಚ್ಚಿಗೆ ಅಕ್ಕಿಯ ಗಂಜಿ ಹೊಟ್ಟೆಗೆ ಬೀಳದಿದ್ದರೆ ನಿದ್ದೆ ಹತ್ತುವುದಿಲ್ಲ. ಯಾರ ಮಾತು ಕೇಳಲಿ?"

ಇದೇ ಪ್ರಶ್ನೆಯನ್ನು ಶಿರಸಿಯ ತವರಿನಲ್ಲಿ ಅಡಿಕೆ ತೋಟದ ಅಣ್ಣ ಕೇಳಿದ್ದಾನೆ, ಕಾರವಾರದ ಬೈತಖೋಲದಲ್ಲಿ ಮೀನುಗಾರಿಕೆ ಬೋಟಿಗೆ ಹೋಗುವ ನನ್ನ ಹಳೆಯ ವಿದ್ಯಾರ್ಥಿ ಕೇಳಿದ್ದಾನೆ. ಪ್ರತಿಯೊಬ್ಬರ ಮನೆಯಲ್ಲೂ ಒಂದೊಂದು ಧಾನ್ಯಕ್ಕೆ ಒಬ್ಬೊಬ್ಬ ವಕೀಲರಿದ್ದಾರೆ. ನಾನು ವೈದ್ಯೆಯಲ್ಲ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಹದಿನಾಲ್ಕು ವರ್ಷಗಳಿಂದ ಶುಗರ್ ಜೊತೆ ಸಂಸಾರ ಮಾಡುತ್ತಿರುವವಳು. ನನ್ನ ಬಳಿ ಇರುವುದು ಒಂದು ಗ್ಲೂಕೋಮೀಟರ್, ಅಡುಗೆಮನೆಯ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಮತ್ತು ಇನ್ನೂರು ಪುಟದ ಒಂದು ನೋಟುಬುಕ್ಕು.

ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ರಾಜ್ಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಗೋವೆಯದು, ಶೇಕಡ 26.4. ಕಾರವಾರದಲ್ಲಿ ಕಾಳಿ ನದಿ ದಾಟಿ ಮುಂದೆ ಹೋದರೆ ಸಿಗುವ ಗೋವೆ ಅದೇ. ಅನ್ನ, ಮೀನು, ತೆಂಗಿನಕಾಯಿ: ಅವರ ತಟ್ಟೆಗೂ ನಮ್ಮ ತಟ್ಟೆಗೂ ಅಷ್ಟೇನೂ ದೂರವಿಲ್ಲ.

ಆರಿಸುವ ಮೊದಲು ಏನನ್ನು ನೋಡಬೇಕು

ಧಾನ್ಯದ ಹೆಸರಿನಿಂದ ಶುರು ಮಾಡಿದರೆ ಜಗಳ ಮುಗಿಯುವುದಿಲ್ಲ. ನಾನು ನೋಡುವುದು ಐದು ಸಂಗತಿಗಳನ್ನು.

ಮೊದಲನೆಯದು, ಒಂದು ಊಟಕ್ಕೆ ಒಟ್ಟು ಎಷ್ಟು ಪಿಷ್ಟ ಹೊಟ್ಟೆಗೆ ಹೋಗುತ್ತದೆ ಎಂಬುದು. ಅನ್ನವಿರಲಿ, ರೊಟ್ಟಿಯಿರಲಿ, ಬಟಾಟೆಯಿರಲಿ, ಅದರಲ್ಲಿರುವ ಪಿಷ್ಟ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಎರಡನೆಯದು, ಅದು ಎಷ್ಟು ಬೇಗ ಸೇರುತ್ತದೆ ಎಂಬುದು. ಇದನ್ನು ಗ್ಲೈಸೆಮಿಕ್ ಸೂಚ್ಯಂಕ ಎನ್ನುತ್ತಾರೆ. ಶುದ್ಧ ಗ್ಲೂಕೋಸಿಗೆ 100 ಕೊಟ್ಟು ಉಳಿದವನ್ನು ಅದರೊಂದಿಗೆ ಹೋಲಿಸುವ ಅಂಕ ಅದು. 55 ಮತ್ತು ಅದಕ್ಕಿಂತ ಕಡಿಮೆಯಾದರೆ ನಿಧಾನ, 70 ಮತ್ತು ಮೇಲಾದರೆ ವೇಗ. ಜಾಹೀರಾತುಗಳು ಎರಡನೆಯದನ್ನು ಮಾತ್ರ ಹೇಳಿ ಮೊದಲನೆಯದನ್ನು ಮರೆಸುತ್ತವೆ. ಮೂರನೆಯದು, ತಿಂದ ಮೇಲೆ ಹಸಿವು ಎಷ್ಟು ಹೊತ್ತು ಸುಮ್ಮನಿರುತ್ತದೆ. ಏಳು ಗಂಟೆಗೆ ಉಂಡು ಹತ್ತಕ್ಕೆ ಅವಲಕ್ಕಿ ಡಬ್ಬಿ ತೆರೆಯುವಂತಾದರೆ ಏಳು ಗಂಟೆಯ ತ್ಯಾಗ ದಂಡ. ನಾಲ್ಕನೆಯದು, ದುಡ್ಡು ಮತ್ತು ಸಿಗುವಿಕೆ. ಐದನೆಯದನ್ನು ಪುಸ್ತಕಗಳು ಹೇಳುವುದಿಲ್ಲ: ಬಂಗಡೆ ಸಾರಿಗೆ, ಒಂದೆಲಗದ ತಂಬುಳಿಗೆ, ಅಪ್ಪೆಹುಳಿಗೆ ಅದು ಹೊಂದಬೇಕು. ಹೊಂದದ್ದನ್ನು ಮೂರು ವಾರ ತಿನ್ನಬಹುದು, ಮೂವತ್ತು ವರ್ಷ ತಿನ್ನಲಾಗುವುದಿಲ್ಲ.

ಇವೆಲ್ಲದರ ತೀರ್ಪು ಕೊಡುವುದು ಊಟದ ಎರಡು ಗಂಟೆಯ ನಂತರದ ರಕ್ತಪರೀಕ್ಷೆ. ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಬಹುಪಾಲು ವಯಸ್ಕರಿಗೆ ಊಟದ ನಂತರ ಡೆಸಿಲೀಟರ್ ರಕ್ತಕ್ಕೆ 180 ಮಿಲಿಗ್ರಾಮಿನ ಒಳಗೆ, ಖಾಲಿ ಹೊಟ್ಟೆಯಲ್ಲಿ 80ರಿಂದ 130 ಎಂಬುದು ಸಾಮಾನ್ಯ ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ನಿಮ್ಮ ವೈದ್ಯರು ಬೇರೆ ಅಂಕ ಹೇಳಿದ್ದರೆ ಅದೇ ನಿಮ್ಮದು. ಒಂದು ಎಚ್ಚರಿಕೆಯಿದೆ. ಮನೆಯ ಮೀಟರಿಗೆ ನೂರಕ್ಕೆ ಹದಿನೈದರಷ್ಟು ಆಚೀಚೆಯಾಗಲು ಮಾನದಂಡದಲ್ಲೇ ಅವಕಾಶವಿದೆ. ಹಾಗಾಗಿ ಒಂದು ದಿನ 172, ಇನ್ನೊಂದು ದಿನ 164 ಬಂದರೆ ಎರಡನೆಯ ಧಾನ್ಯ ಗೆದ್ದಿತು ಎಂದು ತಿಳಿಯಬಾರದು. ಒಂದೇ ಬಗೆಯ ಊಟವನ್ನು ಮೂರು ದಿನ ಪರೀಕ್ಷಿಸಿ ಸರಾಸರಿ ನೋಡಬೇಕು. ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಮಾವಿನಹಣ್ಣು ಹೆಚ್ಚಿದ ಬೆರಳು ಮೀಟರನ್ನು ಹೆದರಿಸಿಬಿಡುತ್ತದೆ. ನಮ್ಮ ಕಡೆಯ ಆಷಾಢದಲ್ಲಿ ಮೀಟರಿನ ಪರೀಕ್ಷಾ ಪಟ್ಟಿಗಳ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಹಪ್ಪಳಕ್ಕೆ ಆಗುವ ಗತಿಯೇ ಅವಕ್ಕೂ ಆಗುತ್ತದೆ.

ನಾಲ್ಕು ಸೌಟಿನ ಕತೆ

ಧಾನ್ಯಗಳಿಗೆ ಬರುವ ಮೊದಲು ನನ್ನ ತಟ್ಟೆಯನ್ನು ತೂಗಿದ ದಿನದ ವಿಷಯ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಅನ್ನ ಬಡಿಸಲು ಅತ್ತೆಯ ಕಾಲದ ಹಿತ್ತಾಳೆ ಸೌಟು ಇದೆ. ಹಿಡಿಕೆ ಸವೆದು ಒಂದು ಬದಿಗೆ ಬಾಗಿದೆ. ನಾನು ಉಣ್ಣುವುದು ಸ್ವಲ್ಪವೇ ಎಂದು ವೈದ್ಯರ ಮುಂದೆ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಸುಳ್ಳು ಹೇಳಿರಲಿಲ್ಲ, ಗೊತ್ತಿರಲಿಲ್ಲ. ತಕ್ಕಡಿಯ ಮೇಲೆ ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿ, ದಿನದಂತೆ ಬಡಿಸಿಕೊಂಡೆ. ಸಾರಿಗೆ ಎರಡು ಸೌಟು, ಪಲ್ಯಕ್ಕೆಂದು ಒಂದು, ಕೊನೆಗೆ ಮಜ್ಜಿಗೆಗೆ ಒಂದು. ಅಂಕೆ ನಿಂತದ್ದು 390 ಗ್ರಾಮಿಗೆ. ಬೆಂದ ಅನ್ನದ ನೂರು ಗ್ರಾಮಿನಲ್ಲಿ ಸುಮಾರು 28 ಗ್ರಾಂ ಪಿಷ್ಟ. ನನ್ನ 'ಸ್ವಲ್ಪ'ದಲ್ಲಿ ಹತ್ತಿರಹತ್ತಿರ 109 ಗ್ರಾಂ. ಚಮಚಕ್ಕೆ ಐದು ಗ್ರಾಂ ಸಕ್ಕರೆ ಎಂದು ಹಿಡಿದರೆ ಹತ್ತಿರಹತ್ತಿರ ಇಪ್ಪತ್ತೆರಡು ಚಮಚದಷ್ಟು. ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಿಕೊಂಡದ್ದಕ್ಕೆ ಮಗಳಿಂದ ಬೈಸಿಕೊಳ್ಳುತ್ತಿದ್ದ ಮನೆ ಇದು!

ಆ ಸೌಟೇ ಈಗ ನನ್ನ ಅಳತೆ. ಒಂದು ಸೌಟು ಸರಿಸುಮಾರು ನೂರು ಗ್ರಾಂ. ಕೆಳಗೆ ಹೇಳುವುದನ್ನೆಲ್ಲ ಅದೇ ಲೆಕ್ಕದಲ್ಲಿ ಓದಿಕೊಳ್ಳಿ.

ಬೆಳ್ತಿಗೆ ಅಕ್ಕಿ

ಭತ್ತವನ್ನು ಬೇಯಿಸದೆ ಹಾಗೆಯೇ ಮಿಲ್ಲಿಗೆ ಕೊಟ್ಟು, ತೌಡು ತೆಗೆದು, ಪಾಲಿಶ್ ಮಾಡಿದ ಅಕ್ಕಿ. ನಾರು ಬಹುಮಟ್ಟಿಗೆ ಹೋಗಿರುತ್ತದೆ, ಸೂಚ್ಯಂಕ ಸಾಮಾನ್ಯವಾಗಿ 70ರ ಆಸುಪಾಸು ಅಥವಾ ಮೇಲೆ. ಘಟ್ಟದ ಮೇಲಿನ ಮನೆಗಳಲ್ಲಿ ಮಧ್ಯಾಹ್ನದ ಊಟವೂ ಇದೇ, ಬೆಳಗಿನ ತೆಳ್ಳೇವೂ ಇದೇ ಅಕ್ಕಿ. ಪಡಿತರದಲ್ಲಿ ಬರುವುದರಿಂದ ಖರ್ಚಿನ ಲೆಕ್ಕದಲ್ಲಿ ಇದನ್ನು ಸೋಲಿಸುವವರಿಲ್ಲ.

ಅನ್ನ ಬಸಿದು ಗಂಜಿ ಚೆಲ್ಲಿದರೆ ಶುಗರ್ ಹೋಗುತ್ತದೆ, ಕುಕ್ಕರಿನಲ್ಲಿ ಮಾಡಿದರೆ ಏರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಸಿದಾಗ ಪಿಷ್ಟದ ಸ್ವಲ್ಪ ಭಾಗ ತಿಳಿಯಲ್ಲಿ ಹೋಗುವುದು ನಿಜ, ಜೊತೆಗೆ ಒಂದಷ್ಟು ಬಿ ಜೀವಸತ್ವವೂ ಹೋಗುತ್ತದೆ. ಆದರೆ ತಟ್ಟೆಯಲ್ಲಿ ಉಳಿದದ್ದು ಅನ್ನವೇ. ಬಸಿದ ಧೈರ್ಯದಲ್ಲಿ ಒಂದು ಸೌಟು ಹೆಚ್ಚಿಗೆ ಹಾಕಿಕೊಂಡರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಇನ್ನು ಬಸಿದ ತಿಳಿಗೆ ಉಪ್ಪು ಹಾಕಿ ಕುಡಿದರೆ ಬಿಟ್ಟದ್ದನ್ನೇ ಲೋಟದಲ್ಲಿ ವಾಪಸ್ ತೆಗೆದುಕೊಂಡಂತೆ.

ಬೇರೆ ದಾರಿ ಇಲ್ಲದವರು, ಪಡಿತರ ಅಕ್ಕಿಯನ್ನೇ ನೆಚ್ಚಿದವರು ಹೆದರಬೇಕಾಗಿಲ್ಲ. ಒಂದೂವರೆ ಸೌಟಿಗೆ ನಿಲ್ಲಿಸಿ, ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪು ತರಕಾರಿ, ಕಾಲು ಭಾಗಕ್ಕೆ ಮೀನೋ ಹುರುಳಿಯೋ ಅಲಸಂದೆಯೋ ಹಾಕಿ. ಪಲ್ಯ ಮತ್ತು ಮೀನನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಕಲಸಿಕೊಂಡರೆ ಏರಿಕೆ ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲೂ ಕಂಡಿದೆ, ನನ್ನ ನೋಟುಬುಕ್ಕಿನಲ್ಲೂ ಕಂಡಿದೆ. ಕೈಯಿಂದ ಏನೂ ಖರ್ಚಾಗದ ಉಪಾಯ ಇದೊಂದೇ. ಅನ್ನ ಕಾಣಿಸಿದ ಕೂಡಲೇ ಸಾರು ಹೊಯ್ದುಕೊಳ್ಳುವ ಕೈಯನ್ನು ತಡೆಯುವುದು ಮಾತ್ರ ಕಷ್ಟ.

ಕುಚ್ಚಿಗೆ, ಕೆಂಪು, ಕಗ್ಗ

ನಮ್ಮ ಕರಾವಳಿಯ ಜೀವ ಇರುವುದು ಇಲ್ಲಿ. ಕಾರವಾರದ ಕೊಂಕಣಿ ಮನೆಗಳಲ್ಲಿ ಉಕಡೆ ಎನ್ನುತ್ತಾರೆ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು. ಬೇಯುವಾಗ ತೌಡಿನ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ಒಮ್ಮೆ ಬೆಂದ ಪಿಷ್ಟ ಆರಿದಾಗ ಮತ್ತೆ ಬಿಗಿದುಕೊಳ್ಳುವುದರಿಂದ ಜೀರ್ಣವಾಗುವುದು ತುಸು ನಿಧಾನ. ಹಾಗಾಗಿ ಸೂಚ್ಯಂಕ ಸಾಮಾನ್ಯವಾಗಿ ಬೆಳ್ತಿಗೆಗಿಂತ ಕೆಳಗಿರುತ್ತದೆ. ಎಷ್ಟು ಕೆಳಗೆ ಎಂಬುದು ತಳಿ, ಬೇಯಿಸಿದ ರೀತಿ, ಪಾಲಿಶ್ ಮೂರರ ಮೇಲೂ ನಿಂತಿದೆ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಕುಚ್ಚಿಗೆಯೂ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಿ: ಕಾಳಿನ ಮೇಲೆ ಕೆಂಪು ಗೀರುಗಳು ಉಳಿದಿದ್ದರೆ ತೌಡು ಸ್ವಲ್ಪ ಉಳಿದಿದೆ ಎಂದರ್ಥ. ಅದನ್ನು ಆರಿಸಿ.

ತೊಡಕು ಪ್ರಮಾಣದಲ್ಲಿದೆ. ಸೂಚ್ಯಂಕ ಕಡಿಮೆ ಎಂದ ಮಾತ್ರಕ್ಕೆ ಒಟ್ಟು ಪಿಷ್ಟ ಕಡಿಮೆಯಲ್ಲ. ಎಲ್ಲ ಅಕ್ಕಿಯಲ್ಲೂ ನೂರು ಗ್ರಾಂ ಹಸಿ ಕಾಳಿಗೆ 75ರಿಂದ 78 ಗ್ರಾಂ ಪಿಷ್ಟ ಇದ್ದೇ ಇದೆ. ಅತ್ತೆಯ ಕಾಲದವರು ನಾಲ್ಕು ಸೌಟು ಕುಚ್ಚಿಗೆ ಅನ್ನ ಉಂಡೂ ಚೆನ್ನಾಗಿದ್ದರು ಎನ್ನುವವರಿಗೆ ನಾನು ಕೇಳುವುದಿಷ್ಟು: ಆ ಭತ್ತವನ್ನು ನೆಟ್ಟಿ ಮಾಡಿದವರು, ಕೊಯ್ದವರು, ಹೊತ್ತವರು ಯಾರು?

ಗಂಜಿಯ ವಿಷಯ ಬೇರೆಯೇ. ಕಾಳು ಒಡೆಯದಂತೆ ಬೇಯಿಸಿದ ಕುಚ್ಚಿಗೆ ಗಂಜಿ ಒಂದು ಬಟ್ಟಲು ಮಾಡಲು ನಲವತ್ತು ಗ್ರಾಂ ಅಕ್ಕಿ ಸಾಕು. ನೀರು ಹೊಟ್ಟೆ ತುಂಬಿಸುತ್ತದೆ, ಪಿಷ್ಟ ಮೂವತ್ತು ಗ್ರಾಮಿನ ಸುತ್ತ. ಮಿಡಿ ಉಪ್ಪಿನಕಾಯಿಯ ಬದಲು ಅಥವಾ ಅದರ ಜೊತೆಗೆ ಸುಟ್ಟ ತಾರ್ಲೆಯನ್ನೋ ಹುರುಳಿ ಚಟ್ನಿಯನ್ನೋ ಇಟ್ಟುಕೊಂಡರೆ ರಾತ್ರಿಯ ಊಟಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಕಾಳು ಕರಗಿ ಅಂಬಲಿಯಂತಾಗುವಷ್ಟು ಬೇಯಿಸಿ ಕುಡಿದರೆ ಲಾಭ ಹೋಯಿತು. ಹೆಚ್ಚು ಬೆಂದಷ್ಟೂ, ಕಡಿಮೆ ಅಗಿದಷ್ಟೂ ಸಕ್ಕರೆ ಬೇಗ ಏರುತ್ತದೆ. ಬಿ.ಪಿ. ಇರುವವರಿಗೆ ಉಪ್ಪಿನಕಾಯಿಯ ಉಪ್ಪು ಬೇರೆ ತಲೆನೋವು.

ಕಗ್ಗದ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ, ನಮ್ಮ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತ, ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕೆಂಪು ಭತ್ತ ಅದು. ಗೊಬ್ಬರ, ಔಷಧ ಬೇಡದ ಬೆಳೆ. ರುಚಿಗೆ, ಗದ್ದೆ ಉಳಿಯಲಿ ಎಂಬ ಕಾಳಜಿಗೆ ಕೊಳ್ಳಿ, ನಾನೂ ಕೊಳ್ಳುತ್ತೇನೆ. ಶುಗರ್ ಇಳಿಸುವ ಔಷಧವೆಂದು ಕೊಳ್ಳಬೇಡಿ. ಪಾಲಿಶ್ ಆಗದ ಬೇರೆ ಕೆಂಪಕ್ಕಿಯಿಂದ ಎಷ್ಟು ನಿರೀಕ್ಷಿಸುತ್ತೀರೋ ಅಷ್ಟನ್ನೇ ಇದರಿಂದಲೂ ನಿರೀಕ್ಷಿಸಿ.

'ಶುಗರ್ ಅಕ್ಕಿ' ಎಂಬ ಚೀಲ

ಈಚೆಗೆ ಅಂಗಡಿಗಳಲ್ಲಿ ಆರ್‌ಎನ್‌ಆರ್ ಹೆಸರಿನ ಸಣ್ಣಕ್ಕಿ 'ಶುಗರ್ ಇರುವವರಿಗೆ' ಎಂಬ ಶಿಫಾರಸಿನೊಂದಿಗೆ ಬರುತ್ತಿದೆ. ತೆಲಂಗಾಣದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಆರ್‌ಎನ್‌ಆರ್ 15048 ತಳಿ ಅದು. ಸೂಚ್ಯಂಕ 50ರ ಸ್ವಲ್ಪ ಮೇಲೆ ಎಂದು ವರದಿಯಾಗಿದೆ. ಬೆಳ್ತಿಗೆಯ ಮೆದು ಅನ್ನವೇ ಬೇಕು, ಕುಚ್ಚಿಗೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವ ಘಟ್ಟದ ಮೇಲಿನವರಿಗೆ ಇದು ಒಳ್ಳೆಯ ದಾರಿ. ಆದರೆ ಚೀಲದ ಮೇಲಿನ ಬರಹ ನೋಡಿ ಸೌಟು ಹಿಗ್ಗಬಾರದು. ಲೆಕ್ಕ ಮಾಡಿ ನೋಡೋಣ. ಈ ಅಕ್ಕಿಯ ಅನ್ನ ಮೂರು ಸೌಟು ಉಂಡರೆ ಪಿಷ್ಟ 84 ಗ್ರಾಂ, ಅದನ್ನು 0.51ರಿಂದ ಗುಣಿಸಿದರೆ 43. ಸಾಮಾನ್ಯ ಬೆಳ್ತಿಗೆ ಒಂದೂವರೆ ಸೌಟು ಉಂಡರೆ ಪಿಷ್ಟ 42 ಗ್ರಾಂ, ಅದನ್ನು 0.73ರಿಂದ ಗುಣಿಸಿದರೆ 31. ಈ ಗುಣಲಬ್ಧಕ್ಕೆ ಗ್ಲೈಸೆಮಿಕ್ ಹೊರೆ ಎಂದು ಹೆಸರು. ಪಡಿತರದ ಅಕ್ಕಿ ಚೀಲದ ಅಕ್ಕಿಯನ್ನು ಸೋಲಿಸಿತು, ಸೌಟಿನ ಬಲದಿಂದ.

ಚಪಾತಿ ಮತ್ತು ಜೋಳದ ರೊಟ್ಟಿ

ಚಪಾತಿಗೆ ಒಂದು ನಿಜವಾದ ಗುಣವಿದೆ, ಅದು ಎಣಿಕೆಗೆ ಸಿಗುತ್ತದೆ. ಅನ್ನವನ್ನು 'ಇನ್ನೊಂದು ಚೂರು' ಎಂದು ಹಾಕಿಕೊಳ್ಳಬಹುದು, ಮೂರು ಚಪಾತಿ ಮೂರೇ. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 20 ಗ್ರಾಂ ಪಿಷ್ಟ. ಇಡೀ ಗೋಧಿಯ ಹಿಟ್ಟಾದರೆ ಬೆಳ್ತಿಗೆಗಿಂತ ನಾರೂ ಪ್ರೋಟೀನೂ ಹೆಚ್ಚು. ಆದರೆ ಮೂರು ಚಪಾತಿ ಎಂದರೆ ಎರಡು ಸೌಟು ಅನ್ನ ಉಂಡಷ್ಟೇ. ನಮ್ಮಲ್ಲಿ ಆಗುವುದೇನೆಂದರೆ ನಾಲ್ಕು ಚಪಾತಿ, ಜೊತೆಗೆ ಬಟಾಟೆ ಪಲ್ಯ, ಕೊನೆಗೆ 'ಊಟ ಆದಂತೆ ಅನಿಸಬೇಕಲ್ಲ' ಎಂದು ಒಂದು ಸೌಟು ಮಜ್ಜಿಗೆ ಅನ್ನ. ಅನ್ನ ಬಿಟ್ಟೆ ಎನ್ನುತ್ತಲೇ ಅನ್ನಕ್ಕಿಂತ ಹೆಚ್ಚು ತಿಂದಿರುತ್ತೇವೆ. ಬಂಗಡೆ ಸಾರಿನೊಂದಿಗೆ ಚಪಾತಿ ಹೇಗಿರುತ್ತದೆ ಎಂದು ಕೇಳಬೇಡಿ. ಅತ್ತೆ ಬದುಕಿದ್ದರೆ ಎದ್ದು ಹೋಗುತ್ತಿದ್ದರು.

ಜೋಳದ ರೊಟ್ಟಿ ಹಳಿಯಾಳ, ಮುಂಡಗೋಡ ಕಡೆಯವರಿಗೆ ಮನೆಯದೇ. ಶಿರಸಿಯಲ್ಲೂ ಮಾಡಿದ ರೊಟ್ಟಿ ಕೊಳ್ಳಲು ಸಿಗುತ್ತದೆ. ಎಣ್ಣೆ ಬೇಡ, ಅಗಿಯಬೇಕು, ಹೊಟ್ಟೆಯಲ್ಲಿ ನಿಲ್ಲುತ್ತದೆ. ಐವತ್ತು ಗ್ರಾಂ ಹಿಟ್ಟಿನ ದೊಡ್ಡ ರೊಟ್ಟಿಯಲ್ಲಿ ಮೂವತ್ತಕ್ಕಿಂತ ಮೇಲೆ ಪಿಷ್ಟ ಇದೆಯೆಂಬುದನ್ನು ನೆನಪಿಟ್ಟರೆ ಸಾಕು.

ರಾಗಿ, ಸಿರಿಧಾನ್ಯ

ರಾಗಿಯಲ್ಲಿ ಸುಣ್ಣದಂಶ ನೂರು ಗ್ರಾಮಿಗೆ 340 ಮಿಲಿಗ್ರಾಮಿನಷ್ಟಿದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ನನ್ನ ವಯಸ್ಸಿನ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಶುಗರಿನ ದೃಷ್ಟಿಯಿಂದ ಮಾತ್ರ ರಾಗಿಯ ಹೆಸರು ರಾಗಿಗಿಂತ ದೊಡ್ಡದು. ಪಿಷ್ಟ ಅಕ್ಕಿಗಿಂತ ತುಸುವೇ ಕಡಿಮೆ. ನುಣ್ಣಗೆ ಬೀಸಿದ ಹಿಟ್ಟನ್ನು ಅಂಬಲಿ ಮಾಡಿ ಕುಡಿದರೆ ಸಕ್ಕರೆ ಜಿಗಿಯುತ್ತದೆ. ಅದೇ ಹಿಟ್ಟನ್ನು ಸೊಪ್ಪು, ಈರುಳ್ಳಿ ಹಾಕಿ ರೊಟ್ಟಿ ತಟ್ಟಿದರೆ ಅಷ್ಟು ಜಿಗಿಯುವುದಿಲ್ಲ. ಹಾಲು ಬೆಲ್ಲ ಹಾಕಿದ ರಾಗಿ ಮಾಲ್ಟ್ 'ಶುಗರಿಗೆ ಒಳ್ಳೆಯದು' ಎಂದು ಕುಡಿಯುವವರನ್ನು ಕಂಡರೆ ನನಗೆ ತರಗತಿಯಲ್ಲಿ ಬೆತ್ತ ಹಿಡಿದ ದಿನಗಳು ನೆನಪಾಗುತ್ತವೆ. ಬೆಲ್ಲ ಎಂದರೆ ಬಹುಪಾಲು ಸಕ್ಕರೆಯೇ. ನಮ್ಮ ಜೋನಿಬೆಲ್ಲವೂ ಅದರ ತಮ್ಮನೇ, ತವರಿನ ಡಬ್ಬಿಯಲ್ಲಿ ಬಂದರೂ.

ನವಣೆ, ಸಾಮೆ, ಊದಲುಗಳಲ್ಲಿ ಪಿಷ್ಟ ನೂರು ಗ್ರಾಮಿಗೆ 60ರಿಂದ 67, ನಾರು ಹೆಚ್ಚು. ಪಾಲಿಶ್ ಆಗದಿದ್ದರೆ ಮಾತ್ರ ನಾರಿನ ಮಾತು. ಮುತ್ತಿನಂತೆ ಹೊಳೆಯುವ ಸಾಮೆ ಅಕ್ಕಿಯ ಚೀಲದಲ್ಲಿ ನೀವು ದುಡ್ಡು ಕೊಟ್ಟದ್ದು ಹೋದ ತೌಡಿಗೆ. ಬೆಲೆ ಅಕ್ಕಿಗಿಂತ ಬಹಳ ಜಾಸ್ತಿ, ನಮ್ಮ ಊರಿನ ಬೆಳೆಯೂ ಅಲ್ಲ. ತಂಬುಳಿಗೆ ಸಾಮೆ ಅನ್ನ ಹೊಂದುತ್ತದೆ, ಮೀನು ಸಾರಿಗೆ ನನ್ನ ನಾಲಿಗೆ ಒಪ್ಪಲಿಲ್ಲ. ವಾರಕ್ಕೆ ಮೂರು ದಿನ ಬೆಳಗಿನ ಉಪ್ಪಿಟ್ಟಿಗೆ ಇಟ್ಟುಕೊಂಡಿದ್ದೇನೆ. ಎಲ್ಲ ಊಟವನ್ನೂ ಇದಕ್ಕೆ ಬದಲಿಸಲು ಹೋಗಿ ಒಮ್ಮೆ ಪಾಠ ಕಲಿತೆ.

ದೇವಿಮನೆ ಘಟ್ಟದಲ್ಲಿ

ಆಗ ನಾನು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಯಾರನ್ನೂ ಕೇಳದೆ ಅನ್ನ ಪೂರ್ತಿ ಬಿಟ್ಟು ಸಿರಿಧಾನ್ಯ ಹಿಡಿದು ಐದನೆಯ ದಿನ. ತವರಿನಲ್ಲಿ ಬೆಳಿಗ್ಗೆ ಮಾತ್ರೆ ನುಂಗಿ, ಅಂಗೈಯಷ್ಟು ಸಾಮೆ ಉಪ್ಪಿಟ್ಟು ತಿಂದು, ಶಿರಸಿಯಿಂದ ಕುಮಟಾ ಬಸ್ಸು ಹತ್ತಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬೆವರು ಕಿತ್ತುಕೊಂಡಿತು, ಕೈ ನಡುಗಿತು, ಪಕ್ಕದವರ ಮಾತು ದೂರದಿಂದ ಕೇಳಿದಂತಾಯಿತು. ಘಟ್ಟದ ಸುತ್ತು ಎಂದುಕೊಂಡೆ. ಕಿಟಕಿಯ ಪಕ್ಕದ ಹೆಂಗಸು ನಿಂಬೆಹಣ್ಣು ಮೂಸಲು ಕೊಟ್ಟರು. ಹೇಗೋ ಚೀಲದಿಂದ ಮೀಟರ್ ತೆಗೆದು ನೋಡಿದರೆ 58. ಮೊಮ್ಮಗಳಿಗೆಂದು ಕಟ್ಟಿಸಿಕೊಂಡಿದ್ದ ಸಿಹಿತಿಂಡಿ ತೊಡದೇವಿನ ಪೊಟ್ಟಣ ಹರಿದು, ಆ ಗರಿಗರಿ ಹಾಳೆಗಳನ್ನು ಒಂದರ ಮೇಲೊಂದು ಬಾಯಿಗೆ ತುರುಕಿಕೊಂಡೆ. ಹದಿನೈದು ನಿಮಿಷದ ಮೇಲೆ ಪಕ್ಕದವರ ಮಾತು ಮತ್ತೆ ಹತ್ತಿರದಿಂದ ಕೇಳಿಸಿತು. ಅವರು ಕೇಳುತ್ತಿದ್ದದ್ದು, "ನನಗೂ ಒಂದು ಕೊಡುತ್ತೀರಾ?" ಎಂದು.

ಗ್ಲಿಮೆಪಿರೈಡ್ ಬಗೆಯ ಮಾತ್ರೆಗಳೂ ಇನ್ಸುಲಿನ್ನೂ ನೀವು ಉಂಡಿರೋ ಇಲ್ಲವೋ ಎಂದು ಕೇಳುವುದಿಲ್ಲ, ಸಕ್ಕರೆ ಇಳಿಸಿಯೇ ಇಳಿಸುತ್ತವೆ. ಅವನ್ನು ತೆಗೆದುಕೊಳ್ಳುವವರು ತಟ್ಟೆ ಬದಲಿಸುವ ಮೊದಲು ವೈದ್ಯರಿಗೆ ಹೇಳಬೇಕು, ಔಷಧದ ಪ್ರಮಾಣ ಬದಲಾಗಬೇಕಾಗಬಹುದು. ನನ್ನದು ಅರ್ಧವಾಯಿತು. 70ಕ್ಕಿಂತ ಕೆಳಗೆ ಇಳಿದರೆ ಹದಿನೈದು ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ನೀರಿನಲ್ಲಿ ಕಲಸಿ ಕುಡಿದು ಹದಿನೈದು ನಿಮಿಷದ ಮೇಲೆ ಮತ್ತೆ ನೋಡಬೇಕು. ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಾಮಾನ್ಯ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮೂರು ಔಷಧ ಒಂದೇ ಗುಳಿಗೆಯಲ್ಲಿ ಬರುವ ಕಾಲವಿದು, ಚೀಟಿಯ ಹಿಂದೆ ಸಣ್ಣ ಅಕ್ಷರ ಓದಿಸಿಕೊಳ್ಳಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಪೂರ್ತಿ ಬಿಡಲೇಬಾರದು. ರಕ್ತದಲ್ಲಿ ಕೀಟೋನ್ ಆಮ್ಲ ಹೆಚ್ಚುವ ಅಪಾಯವಿದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಇಷ್ಟು ಭಯವಿಲ್ಲ.

ಯಾರಿಗೆ ಯಾವುದು

ಬೋಟಿಗೆ ಹೋಗುವವರು ಅನ್ನ ಬಿಡುವುದು ಬೇಡ. ಬಲೆ ಎಳೆಯುವ ಮೈ ಅದನ್ನು ಸುಟ್ಟುಹಾಕುತ್ತದೆ. ಅವರು ನೋಡಬೇಕಾದದ್ದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳನ್ನು. ಮೀನುಗಾರಿಕೆ ನಿಂತಿರುತ್ತದೆ, ತಟ್ಟೆ ನಿಂತಿರುವುದಿಲ್ಲ. ನನ್ನ ವಿದ್ಯಾರ್ಥಿಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಆಗಸ್ಟಿನಲ್ಲೇ ಏರಿ ಬರುತ್ತಿದ್ದುದಕ್ಕೆ ಬೇರೆ ಗುಟ್ಟೇನೂ ಇರಲಿಲ್ಲ. ಆ ಎರಡು ತಿಂಗಳು ಸೌಟು ಅರ್ಧಕ್ಕೆ ಇಳಿಸು, ಉಂಡ ಮೇಲೆ ಕಾಲು ಗಂಟೆ ನಡೆ ಎಂದೆ. ಮಳೆಯಲ್ಲಿ ಎಲ್ಲಿ ನಡೆಯಲಿ ಎಂದ. ಹರಾಜು ಕಟ್ಟೆಯ ಮಾಡಿನ ಕೆಳಗೆ ನಡೆ, ಈಗ ಖಾಲಿ ತಾನೇ ಬಿದ್ದಿದೆ ಎಂದೆ.

ತೋಟದ ಅಣ್ಣನಂಥವರಿಗೆ ಬೆಳಿಗ್ಗೆ ತೆಳ್ಳೇವು ಮೂರರ ಬದಲು ಒಂದೂವರೆ, ಜೊತೆಗೆ ಹೆಸರುಕಾಳಿನ ಉಸಲಿ. ಮಧ್ಯಾಹ್ನ ಕೆಂಪಕ್ಕಿ ಅಥವಾ ಆರ್‌ಎನ್‌ಆರ್ ಎರಡು ಸೌಟು. ಮೀನಿಲ್ಲದ ಮನೆಯಲ್ಲಿ ಪ್ರೋಟೀನ್ ಕಡಿಮೆಯಾಗುವುದೇ ದೊಡ್ಡ ಕೊರತೆ, ಧಾನ್ಯಕ್ಕಿಂತ ಮೊದಲು ಅದನ್ನು ನೋಡಿಕೊಳ್ಳಬೇಕು. ತಿಳಿಸಾರು ಬೇಳೆಯಲ್ಲ.

ಹಲ್ಲಿಲ್ಲದ ಹಿರಿಯರಿಗೆ ಜೋಳದ ರೊಟ್ಟಿ ಶಿಕ್ಷೆ. ಕುಚ್ಚಿಗೆ ಗಂಜಿ, ಮೊಟ್ಟೆ ಅಥವಾ ಮೊಸರು ಸಾಕು. ಎಂಬತ್ತು ದಾಟಿದವರಲ್ಲಿ ಶುಗರ್ ತುಸು ಮೇಲಿರುವುದಕ್ಕಿಂತ ಕೆಳಗೆ ಬೀಳುವುದೇ ಹೆಚ್ಚು ಅಪಾಯ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ರಾಗಿ, ಇಡೀ ಧಾನ್ಯ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಪೊಟ್ಯಾಸಿಯಂ, ರಂಜಕ, ಪ್ರೋಟೀನುಗಳ ಲೆಕ್ಕ ಅವರಿಗೆ ಬೇರೆ. ಬಸುರಿಯಲ್ಲಿ ಶುಗರ್ ಕಂಡವರ ಗುರಿ ಇನ್ನೂ ಬಿಗಿ: ಖಾಲಿ ಹೊಟ್ಟೆಗೆ 95ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಅವರು ನನ್ನ ಲೇಖನವನ್ನಲ್ಲ, ಆಸ್ಪತ್ರೆಯ ಆಹಾರ ತಜ್ಞರನ್ನು ನಂಬಬೇಕು.

ಕೈಯಲ್ಲಿ ದುಡ್ಡು ಕಡಿಮೆ ಇರುವವರು ಸಿರಿಧಾನ್ಯಕ್ಕೆ ಹಾಕುವ ಹಣವನ್ನು ಪರೀಕ್ಷಾ ಪಟ್ಟಿಗೆ ಹಾಕಿ. ಒಂದೊಂದಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು. ದಿನವೂ ಬೇಡ, ತಿಂಗಳಿಗೆ ಹತ್ತು ಸಾಕು, ಯಾವ ಊಟ ಏನು ಮಾಡುತ್ತದೆ ಎಂದು ಗೊತ್ತಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ, ಅಂದರೆ ಅಂಟುರೋಗವಲ್ಲದ ಕಾಯಿಲೆಗಳ ವಿಭಾಗದಲ್ಲಿ ಬಿ.ಪಿ., ಶುಗರ್ ನೋಡಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಇನ್ಸುಲಿನ್ ಮೇಲಿರುವವರಿಗೆ ಮಾತ್ರ ಈ ಹತ್ತರ ಲೆಕ್ಕ ಸಲ್ಲದು, ಅವರಿಗೆ ಹೆಚ್ಚು ಬೇಕು.

ಮೀನುಪೇಟೆಯ ಅಕ್ಕನಿಗೆ ನಾನು ಯಾವ ಧಾನ್ಯದ ಹೆಸರನ್ನೂ ಹೇಳಲಿಲ್ಲ. ಮೂರು ರಾತ್ರಿ ಮಗ ಹೇಳಿದ ಊಟ, ಮೂರು ರಾತ್ರಿ ಗಂಜಿ, ಎರಡು ಗಂಟೆಗೆ ಒಂದು ಚುಚ್ಚು, ಚೀಟಿಯಲ್ಲಿ ಬರೆದು ತನ್ನಿ ಎಂದಿದ್ದೆ. ಮುಂದಿನ ಭಾನುವಾರ ಸೊಂಟದ ಚೀಲದಿಂದ ಮೀನಿನ ವಾಸನೆಯ ಚೀಟಿ ತೆಗೆದರು. ಚಪಾತಿ, ಬಟಾಟೆ ಪಲ್ಯದ ಮೂರು ರಾತ್ರಿ: 221, 208, 230. ಒಂದು ಬಟ್ಟಲು ಗಂಜಿ, ಸುಟ್ಟ ಬಂಗಡೆಯ ಮೂರು ರಾತ್ರಿ: 171, 159, 176. ಎಷ್ಟು ಚಪಾತಿ ಎಂದು ಕೇಳಿದೆ. ಅವರು ತಕ್ಕಡಿಯ ಕಡೆ ನೋಡುತ್ತ ಐದು ಎಂದರು.